ನಾವೇ ಮುಳುಗಿಸಿದ ದೋಣಿ

ಹೋದ ತಿಂಗಳು ಇಳಕಲ್ಲಿಗೆ ಹೊರಟಾಗ ಹುನಗುಂದ ದಾಟಿದ ಮೇಲೆ ಬಸ್ಸು ನಿಂತುಬಿಟ್ಟಿತು. ರಸ್ತೆಗೆ ಡಾಂಬರು ಹಾಕುತ್ತಿದ್ದರು. ಕಾದ ಡಾಂಬರಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿದ್ದೇ ತಡ, ಬಸ್ಸಿನ ತುಂಬ ಸೆರಗು, ಟವೆಲ್ಲು, ಕರ್ಚೀಫು ಮೂಗಿಗೇರಿದವು. ನಾನು ಮಾತ್ರ ಕಿಟಕಿಗೆ ಮುಖ ಕೊಟ್ಟು ಎದೆ ತುಂಬ ಎಳೆದುಕೊಂಡೆ. ಪಕ್ಕದಲ್ಲಿದ್ದ ಮಗಳು, "ಯವ್ವಾ, ಅದನ್ನೇನ ಊದಿನಕಡ್ಡಿ ಅಂತ ತಿಳದಿಯೇನ?" ಎಂದು ನಕ್ಕಳು. ಅವಳಿಗೇನು ಗೊತ್ತು? ಆ ವಾಸನೆ ಮೂಗಿಗೆ ಬಡಿದಾಗ ಅವಳಿನ್ನೂ ತೊಡೆಯ ಮೇಲಿನ ಕೂಸಾಗಿದ್ದ ವರ್ಷ ನನ್ನ ಮುಂದೆ ಬಂದು ನಿಂತಿತ್ತು.

ನನ್ನ ತವರು ಕಲಾದಗಿ. ಘಟಪ್ರಭೆಯ ದಂಡೆಯ ಅಂಬಿಗರು ನಾವು. ಮದುವೆಯಾಗಿ ಬಂದದ್ದು ಹುನಗುಂದ ತಾಲೂಕಿಗೆ, ಮರೋಳದ ಆಚೆ ಹೊಳೆಯ ಕಡೆಗೆ ಇಳಿದರೆ ಸಿಗುವ ಸಣ್ಣ ಊರಿಗೆ. ಹೊಳೆ ಬೇರೆಯಾಯಿತು, ಕಸುಬು ಅದೇ ಉಳಿಯಿತು. ಗಂಡನ ಮನೆಯಲ್ಲಿ ಮೂವರೇ ಮಂದಿ: ಗಂಡ ಯಮನಪ್ಪ, ಅತ್ತೆ ಗಂಗವ್ವ, ನಾನು. ಆಮೇಲೆ ಕೂಸು. ನನ್ನ ಗಂಡನಿಗೆ ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ. ಆ ಕೊರತೆಯನ್ನೆಲ್ಲ ಅತ್ತೆ ತುಂಬುತ್ತಿದ್ದಳು. ಒಣಕಲು ಮೈಯ ಹೆಂಗಸು, ಆದರೆ ಆಚೆ ದಂಡೆಯಲ್ಲಿ ನಿಂತವನನ್ನು ಈಚೆಯಿಂದ ಬೈದರೆ ಅವನು ಅಲ್ಲಿಂದಲೇ ಕೈಮುಗಿಯಬೇಕು, ಅಂಥ ದನಿ. ಮಾವ ತೀರಿಕೊಂಡ ಮೇಲೆ ಹರಗೋಲಿನಲ್ಲಿ ಮಂದಿಯನ್ನು ದಾಟಿಸುವ ಕೆಲಸವನ್ನೂ ಅವಳೇ ಮಾಡಿ ಮಗನನ್ನು ಬೆಳೆಸಿದ್ದಳು.

ಹರಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ಹೊರಮೈಗೆ ಎಮ್ಮೆಯ ತೊಗಲು, ತೊಗಲಿನ ಹೊಲಿಗೆಯ ಮೇಲೆ ಡಾಂಬರು. ಅದನ್ನು ನಡೆಸುವುದು ನನಗೆ ತವರಿನಿಂದಲೇ ಗೊತ್ತಿತ್ತು, ಆದರೆ ಅದನ್ನು ಸಾಕುವುದನ್ನು ಕಲಿಸಿದವಳು ಅತ್ತೆ. ಹತ್ತುವಾಗ ನಡುವೆ ಕಾಲಿಡಬೇಕು, ಅಂಚಿಗೆ ಎಂದೂ ಭಾರ ಬೀಳಬಾರದು. ಇಬ್ಬರಿದ್ದರೆ ಎದುರುಬದುರು ಕೂರಬೇಕು. ಬಲೆ ಬೀಸುವಾಗ ಮೊಣಕಾಲೂರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ನೀರಿನಿಂದ ಬಂದ ಕೂಡಲೇ ಹರಗೋಲನ್ನು ಹೊತ್ತು ತಂದು ದಂಡೆಯ ಕಲ್ಲುಗಳ ಮೇಲೆ ಬೋರಲು ಹಾಕಬೇಕು. ಹಸಿ ತೊಗಲು ಒಂದು ದಿನಕ್ಕೆ ನಾರುತ್ತದೆ, ಬಿಟ್ಟರೆ ಕೊಳೆಯುತ್ತದೆ. ಒಮ್ಮೆ ಮಳೆಯಲ್ಲಿ ತೊಯ್ದು ನಡುಗುತ್ತ ನಾನು ನೇರ ಮನೆಗೆ ಓಡಿದ್ದಕ್ಕೆ ಅತ್ತೆ ಬಾಗಿಲಲ್ಲೇ ತಡೆದಳು. "ಮೊದ್ಲ ಅದನ್ನ ಒಣಗಾಕ ಹಾಕು, ಆಮ್ಯಾಲ ನಿನ್ನ ಸೀರಿ ಒಣಗಸು" ಎಂದಳು. ಅವಳ ಮೈಯಲ್ಲಿ ಆ ಕಟ್ಟಳೆ ಉಸಿರಾಟದಂತೆ ಸೇರಿಹೋಗಿತ್ತು.

ಎಂಬತ್ತರ ದಶಕ ಶುರುವಾದ ಹೊಸತು. ಕೆಳಗೆ ನಾರಾಯಣಪುರದಲ್ಲಿ ಆಣೆಕಟ್ಟು ಎದ್ದು ನೀರು ನಿಲ್ಲತೊಡಗಿತ್ತು. ಆ ವರ್ಷ ಮಳೆಗಾಲ ಮುಗಿದರೂ ನಮ್ಮ ಹೊಳೆ ಇಳಿಯಲೇ ಇಲ್ಲ. ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಉಸುಕು ಕಾಣುತ್ತಿತ್ತು, ಸಂಕ್ರಮಣಕ್ಕೆ ನಾವು ಅದರಲ್ಲಿ ಕಲ್ಲಂಗಡಿ, ಸೌತೆ ಹಾಕುತ್ತಿದ್ದೆವು, ಬೇಸಿಗೆಗೆ ಸೀರೆ ಮೊಣಕಾಲಿಗೆತ್ತಿ ನಡೆದೇ ದಾಟುತ್ತಿದ್ದೆವು. ಈಗ ಎಲ್ಲಿ ನೋಡಿದರೂ ನಿಂತ ನೀರು. ಮುಳುಗಿದ ಜಾಲಿಯ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು. ಊರಿನ ನಾಯಿಗಳು ಸಹ ದಂಡೆಗೆ ಬಂದು ಸುಮ್ಮನೆ ನಿಂತು ನೋಡಿ ವಾಪಸು ಹೋಗುತ್ತಿದ್ದವು.

ನೀರು ಹೆಚ್ಚಾದರೆ ಮೀನು ಹೆಚ್ಚು, ಅಂಬಿಗರಿಗೆ ಸುಗ್ಗಿ ಎಂದು ಮಂದಿ ನಮ್ಮನ್ನು ಚಾಷ್ಟಿ ಮಾಡುತ್ತಿದ್ದರು. ಮೀನೇನೋ ಹೆಚ್ಚಾಗಿತ್ತು, ಹಿಡಿಯುವುದು ಹೇಗೆ? ಬೀಸುವ ಬಲೆ ತಳಕ್ಕೆ ಮುಟ್ಟುತ್ತಿರಲಿಲ್ಲ. ನೀರು ಅಗಲವಾದ ಮೇಲೆ ಗಾಳಿಗೆ ತಡೆಯಿರಲಿಲ್ಲ, ನಡುನೀರಿಗೆ ಹೋದ ಹರಗೋಲು ಬುಗುರಿಯಾಗಿ ತಿರುಗುತ್ತ ಎಲ್ಲಿಗೋ ಸರಿದುಬಿಡುತ್ತಿತ್ತು. ದಂಡೆಗಂಟಿ ಸಣ್ಣಪುಟ್ಟ ಮೀನು ಹಿಡಿದು ಎಷ್ಟು ದಿನ ಬದುಕುವುದು? ಊರಿನ ಎರಡು ಮನೆಯವರು ಆಗಲೇ ಕೂಲಿಯವರನ್ನು ಒಯ್ಯುವ ಬಾದಾಮಿ ಕಡೆಯ ಮುಕಾದಮನೊಬ್ಬನ ಲಾರಿ ಹತ್ತಿ ಗೋವಾಕ್ಕೆ ಹೋಗಿದ್ದರು, ಕಟ್ಟಡದ ಕೂಲಿಗೆ. ಒಂದು ಸಂಜೆ ಯಮನಪ್ಪ ಬಲೆ ಕೊಡವುತ್ತ, "ಈ ಬ್ಯಾಸಗಿ ಒಂದ ನೋಡ್ತೇನಿ. ಆಗಲಿಲ್ಲಂದ್ರ ಎಲ್ಲಾರೂ ಲಾರಿ ಹತ್ತೂದ" ಎಂದ.

ಅವನು ಒಮ್ಮೆ ಹೇಳಿದರೆ ಹೇಳಿದಂತೆ. ನನಗೆ ಆ ಲಾರಿಯ ಹೆಸರೇ ಬೇಡವಾಗಿತ್ತು. ಹೋಗಿಬಂದ ಹೆಂಗಸೊಬ್ಬಳು ಹೇಳಿದ್ದಳು, ತಾಯಂದಿರು ಗಾರೆ ಹೊರುವಾಗ ಅಂಬೆಗಾಲಿಡುವ ಕೂಸುಗಳ ಸೊಂಟಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುತ್ತಾರಂತೆ, ಮೇಲಿಂದ ಬೀಳಬಾರದೆಂದು. ನನ್ನ ಕೂಸು ಆಗ ತಾನೇ ಅಂಬೆಗಾಲಿಡಲು ಕಲಿಯುತ್ತಿತ್ತು. ಅದು ಹರಿದಾಡುವುದನ್ನು ನೋಡಿದಾಗಲೆಲ್ಲ ನನಗೆ ಆ ಹಗ್ಗ ಕಣ್ಣಿಗೆ ಕಟ್ಟುತ್ತಿತ್ತು.

ಮುಳುಗಿದ ಕಲ್ಲಂಗಡಿ ಹೊಲದ ಮೇಲ್ಭಾಗ ನಮ್ಮ ಪಟ್ಟಾದ್ದಾಗಿತ್ತು, ಅದಕ್ಕೆ ಸರಕಾರದ ಪರಿಹಾರ ಬಂತು. ಅದನ್ನೆಲ್ಲ ಒಂದು ಮರದ ದೋಣಿಗೂ ನೈಲಾನ್ ಬಲೆಗೂ ಹಾಕೋಣ ಎಂದು ಹಟ ಹಿಡಿದವಳು ಅತ್ತೆ. "ನೀರ ದೊಡ್ಡದಾಗೇತಿ, ಬುಟ್ಟಿ ಸಾಲೂದಿಲ್ಲ" ಎಂದು ಒಂದೇ ಮಾತು ಅವಳದು. ಕೆಳಹೊಳೆಯ ಕಡೆಯಿಂದ ದೋಣಿ ಮಾಡಿ ಗೊತ್ತಿದ್ದ ಬಡಿಗನೊಬ್ಬ ಬರುತ್ತೇನೆಂದ. ಸಾಗವಾನಿಯ ಹಲಗೆ ಬಂತು. ಚಳಿಗಾಲವಿಡೀ ನಮ್ಮ ದಂಡೆಯ ಬೇವಿನ ಮರದ ಕೆಳಗೆ ಅವನ ಬಾಚಿಯ ಸದ್ದು ಕೇಳುತ್ತಿತ್ತು.

ಅತ್ತ ದೋಣಿ ಏಳುತ್ತಿರುವಾಗ ಇತ್ತ ನನ್ನದು ಬೇರೆ ಪಡಿಪಾಟಲು. ಹಿಡಿದ ಮೀನನ್ನು ಇಳಕಲ್ ಸಂತೆಗೆ ಒಯ್ದು ಮಾರುವವಳು ನಾನು. ಮುಂಚೆ ಊರಲ್ಲೇ ಖರ್ಚಾಗಿ ಉಳಿದದ್ದನ್ನಷ್ಟೇ ಒಯ್ಯುತ್ತಿದ್ದೆ. ಈಗ ರೊಕ್ಕ ಸಾಲದೆ ಎಲ್ಲವನ್ನೂ ಒಯ್ಯತೊಡಗಿದ್ದೆ; ಬಸ್ಸು ಕಾದು, ಬಸ್ಸು ಬದಲಿಸಿ, ಸಂತೆ ಮುಟ್ಟುವ ಹೊತ್ತಿಗೆ ಮೀನಿನ ಕಣ್ಣು ಬೆಳ್ಳಗಾಗಿರುತ್ತಿತ್ತು. ಕೆಡದಂತೆ ಇಡಲು ಬರ್ಫದ ಗಡ್ಡೆ ಬೇಕು ಎಂದು ಗೊತ್ತಿತ್ತು, ಸಿಗುವುದೆಲ್ಲಿ? ಇಳಕಲ್ಲಿನ ಮಗ್ಗದ ಓಣಿಯ ತುದಿಯಲ್ಲಿ ಮೌಲಾಸಾಬ ಎಂಬವನದು ಐಸ್‌ಕ್ಯಾಂಡಿ ಮಾಡುವ ಸಣ್ಣ ಖೋಲಿ ಇತ್ತು. ಬಿಳಿ ಗಡ್ಡ, ಮೊಣಕೈವರೆಗೆ ಮಡಿಸಿದ ಅಂಗಿ, ಯಾರು ಏನು ಕೇಳಿದರೂ ಮೊದಲು "ಕುಂದರ್ರಿ" ಎನ್ನುವ ಮನುಷ್ಯ. ನನ್ನ ಕಷ್ಟ ಕೇಳಿ, ಮುರಿದ ಕ್ಯಾಂಡಿಗಳು ಬುಟ್ಟಿಗಟ್ಟಲೆ ಉಳಿಯುತ್ತವೆ, ಬೇಕಾದರೆ ಹಾಗೇ ಒಯ್ಯಿ ತಂಗಿ ಎಂದ.

ಒಯ್ದೆ. ಕಟ್ಟಿಗೆ ಪುಡಿಯಲ್ಲಿ ಮುಚ್ಚಿ ಊರಿಗೆ ತಂದು, ಮರುದಿನ ನಸುಕಿನಲ್ಲಿ ಹಿಡಿದ ಮೀನನ್ನು ಅದರಲ್ಲಿ ಹುದುಗಿಸಿ ಮತ್ತೆ ಬಸ್ಸು ಹತ್ತಿದೆ. ಬುಟ್ಟಿಯನ್ನು ಕಂಡಕ್ಟರ್ ಬಸ್ಸಿನ ಮೇಲೆ ಹಾಕಿಸಿದ್ದ. ಅರ್ಧ ದಾರಿಯಲ್ಲಿ ಕಿಟಕಿಯ ಗಾಜಿನ ಮೇಲೆ ಕೇಸರಿ ನೀರು ಇಳಿಯತೊಡಗಿತು. ಮುಂದಿನ ಸೀಟಿನ ಮುದುಕರೊಬ್ಬರು ಬೆರಳಿಂದ ಮುಟ್ಟಿ, ನಾಲಿಗೆಗಿಟ್ಟು, "ಸಕ್ರಿ ಹಾಕ್ಯಾರಲ್ಲ" ಎಂದರು. ಸಂತೆಯಲ್ಲಿ ಬುಟ್ಟಿ ತೆರೆದರೆ ಒಂದು ಮಗ್ಗಲು ಕೇಸರಿ, ಒಂದು ಮಗ್ಗಲು ಗುಲಾಬಿ ಮೀನು. ಎಲ್ಲಿಯ ಮೀನು ಇದು ಎಂದು ಕೇಳಿದವರಿಗೆ ಹೋಳಿ ಆಡಿ ಬಂದಾವ್ರಿ ಎಂದೆ. ನಗುತ್ತ ಹೋದರೇ ಹೊರತು ಒಬ್ಬರೂ ಕೊಳ್ಳಲಿಲ್ಲ.

ಮೌಲಾಸಾಬ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕದ್ದಕ್ಕೆ ದಂಡವೆಂಬಂತೆ ಮರುವಾರದಿಂದ ಬಣ್ಣವಿಲ್ಲದ ಬರಿಯ ನೀರಿನ ಬರ್ಫವನ್ನು ನನಗಾಗಿ ಬೇರೆ ಡಬ್ಬಿಗಳಲ್ಲಿ ಹಾಕಿಡತೊಡಗಿದ. ತಗಡು ಬಡಿದ ಒಂದು ಪೆಟ್ಟಿಗೆ ಕೊಟ್ಟ. ಬರ್ಫವನ್ನು ಗೋಲಿಯಷ್ಟು ಸಣ್ಣಗೆ ಒಡೆಯಬೇಕು, ದೊಡ್ಡ ಗಡ್ಡೆ ಮೀನಿನ ಮೈ ಚುಚ್ಚುತ್ತದೆ. ಕರುಳು, ಕಿವಿರು ತೆಗೆದೇ ಇಡಬೇಕು. ತಳಕ್ಕೆ ಬರ್ಫ, ಅದರ ಮೇಲೆ ಮೀನು, ಮತ್ತೆ ಬರ್ಫ, ಹೀಗೆ ಥರದ ಮೇಲೆ ಥರ. ಎಲ್ಲಕ್ಕೂ ಮಿಗಿಲಾಗಿ ಪೆಟ್ಟಿಗೆಯ ತಳದಲ್ಲಿ ತೂತಿರಬೇಕು, ಕರಗಿದ ನೀರಿನಲ್ಲಿ ಮೀನು ಕೂತರೆ ಬರ್ಫವಿದ್ದೂ ಇಲ್ಲದಂತೆ. ಇದನ್ನೆಲ್ಲ ನಾವಿಬ್ಬರೂ ತಪ್ಪು ಮಾಡುತ್ತ, ತಿದ್ದುತ್ತ ಕಲಿತೆವು. ದೋಣಿ ಮಾಡಿಸುತ್ತಿರುವ ಸುದ್ದಿಯನ್ನು ನಾನು ಅವನಿಗೆ ಹೇಳಿರಲಿಲ್ಲ. ಬರ್ಫ ಮಾರುವವನಿಗೆ ದೋಣಿಯ ಸುದ್ದಿ ಯಾಕೆ ಎಂದುಕೊಂಡಿದ್ದೆ.

ಶಿವರಾತ್ರಿಯ ಸುಮಾರಿಗೆ ದೋಣಿ ಮುಗಿಯಿತು. ಬಡಿಗ ಅದನ್ನು ನೀರಿಗಿಳಿಸಿ, ತಾನೇ ಕೂತು ಒಂದು ಸುತ್ತು ಹಾಕಿ ತೋರಿಸಿದ. ಒಂದು ಹನಿಯೂ ಒಳಗೆ ಬರಲಿಲ್ಲ. ಅವನಿಗೆ ಹೋಳಿಗೆ ಊಟ ಹಾಕಿ ಕಳಿಸಿದೆವು. ಆದರೆ ಪೂಜೆಯಾಗದೆ ಬಲೆ ಹಾಕುವಂತಿಲ್ಲ, ಯುಗಾದಿಗೆ ಗಂಗೆಯ ಪೂಜೆ ಮಾಡಿ ಬಿಡೋಣ ಎಂದಳು ಅತ್ತೆ. ಬಲೆಯ ಕೆಲಸವೂ ಬಾಕಿಯಿತ್ತು. ಯಮನಪ್ಪ ಒಣಗಿದ ಸೋರೆ ಬುರುಡೆಗಳನ್ನು ತೇಲಲೆಂದು ಬಲೆಯ ಮೇಲಂಚಿಗೆ ಕಟ್ಟುತ್ತಿದ್ದ, ಅತ್ತೆ ಮಣ್ಣಿನ ಗುಂಡು ಮಾಡಿ, ಸುಟ್ಟು, ಕೆಳಗಿನ ಅಂಚಿಗೆ ಪೋಣಿಸುತ್ತಿದ್ದಳು. ನಾನು ನೀರು ಮೊಗೆಯುವ ಡಬ್ಬಿ, ಲಂಗರಿಗೆ ಕಲ್ಲು, ಅದಕ್ಕೆ ನಾರಿನ ಹಗ್ಗ, ಎಲ್ಲ ಹೊಂದಿಸಿದೆ.

ಆ ತನಕ ದೋಣಿಯನ್ನು ಏನು ಮಾಡಬೇಕು? ಅದನ್ನು ಯಾರೂ ಯಾರನ್ನೂ ಕೇಳಲಿಲ್ಲ. ಓಣಿಯ ಗಂಡಸರೆಲ್ಲ ಸೇರಿ ಹೊತ್ತು ತಂದು, ದಂಡೆಯ ಕಲ್ಲುಗಳ ಮೇಲೆ ಬೋರಲು ಹಾಕಿದರು. ಬಿಸಿಲು ಚೆನ್ನಾಗಿ ತಾಕಲೆಂದು ಅತ್ತೆ ಬೇವಿನ ನೆರಳಿನಿಂದ ಆಚೆಗೆ ಸರಿಸಿದಳು. ಆಗಾಗ ಇನ್ನೊಂದು ಮಗ್ಗಲಿಗೆ ಹೊರಳಿಸುತ್ತಿದ್ದಳು. ಸೆರಗಿನಿಂದ ಧೂಳು ಒರೆಸುತ್ತಿದ್ದಳು. ಮೊಮ್ಮಗಳಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸುವುದಕ್ಕೂ ದೋಣಿಯನ್ನು ಬಿಸಿಲಿಗೆ ಹಾಕುವುದಕ್ಕೂ ಅವಳಲ್ಲಿ ಭೇದವಿರಲಿಲ್ಲ. ಬೇಸಿಗೆ ಏರುತ್ತ ಹೋಯಿತು. ನಮ್ಮ ಸೀಮೆಯ ಬಿಸಿಲನ್ನು ಬಣ್ಣಿಸಲು ಹೋಗುವುದಿಲ್ಲ, ಉಂಡವರಿಗೆ ಗೊತ್ತು.

ಯುಗಾದಿಯ ಮುಂಜಾನೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಬೇವು ಬೆಲ್ಲ ಹಂಚಿ ದೋಣಿ ಇಳಿಸಿದರು. ಯಮನಪ್ಪ ಒಬ್ಬನೇ ಬಲೆ ಏರಿಸಿಕೊಂಡು ಹೋದ. ನಾವು ದಂಡೆಯಲ್ಲಿ ನಿಂತಿದ್ದೆವು. ನಡುನೀರು ಮುಟ್ಟಿದ ಮೇಲೆ ಅವನು ಹುಟ್ಟು ಬಿಟ್ಟು ಬಗ್ಗಿದ್ದು ಕಂಡಿತು. ಬಲೆ ಬಿಡುತ್ತಿದ್ದಾನೆ ಎಂದು ನಾನು ಅಂದುಕೊಂಡೆ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಅಂವಾ ನೀರ ಮೊಗ್ಯಾಕತ್ತಾನ" ಎಂದಳು.

ಅಷ್ಟೇ. ಸೀರೆಗೆ ಕಚ್ಚೆ ಹಾಕಿದಳು, ಹಳೆಯ ಹರಗೋಲನ್ನು ಒಬ್ಬಳೇ ಉರುಳಿಸಿ ನೀರಿಗೆಳೆದಳು, ಹುಟ್ಟು ಹಾಕುತ್ತ ಹೊರಟುಬಿಟ್ಟಳು. ಓಣಿಯವರ ಹರಗೋಲುಗಳು ಹಿಂದೆ ಹೋದವು. ನಾನು ಕೂಸನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ದೋಣಿಯ ಅಂಚು ನೀರಿನ ಮಟ್ಟಕ್ಕೆ ಬಂದಿತ್ತು. ಅವನು ಮೊಗೆಯುವುದನ್ನು ಬಿಡುತ್ತಿರಲಿಲ್ಲ, ದೋಣಿಯನ್ನೂ ಬಿಡುತ್ತಿರಲಿಲ್ಲ. ಅತ್ತೆಯ ದನಿ ದಂಡೆಯವರೆಗೆ ಕೇಳಿತು. "ಜಿಗೀಬ್ಯಾಡ. ಅಂಚಿಗೆ ಎದಿ ಕೊಟ್ಟ ಹೊರಳು. ಬಲಿ ಬಿಡು, ಬುರುಡಿ ಅದಾವ, ತೇಲತೈತಿ." ಅವನು ಹೊರಳಿದ. ತಾಯಿ ಮಗ ಇಬ್ಬರೂ ಬುಟ್ಟಿಯೊಳಗೆ ಒಟ್ಟಿಗೆ ಕೂತದ್ದನ್ನು ಕಂಡ ಮೇಲೆಯೇ ನಾನು ಕೂಸಿನ ಮೇಲಿನ ಹಿಡಿತ ಸಡಿಲಿಸಿದೆ. ಆ ಹೊತ್ತಿಗೆ ನಾನು ಅತ್ತೆಗೆ ಮನಸ್ಸಿನಲ್ಲೇ ಹಾಕಿದ ನಮಸ್ಕಾರವನ್ನು ಇವತ್ತಿಗೂ ದಿನಾ ಹಾಕುತ್ತೇನೆ.

ನೀರು ತುಂಬಿದರೂ ಮರವಾದ್ದರಿಂದ ದೋಣಿ ತಳ ಸೇರಿರಲಿಲ್ಲ. ಹಗ್ಗ ಕಟ್ಟಿ, ನಾಲ್ಕಾರು ಹರಗೋಲುಗಳು ಎಳೆದು ಸಂಜೆಯೊಳಗೆ ದಂಡೆಗೆ ತಂದವು. ಬಲೆಯೂ ಸಿಕ್ಕಿತು. ಯಮನಪ್ಪ ಮಾತ್ರ ಬಡಿಗನ ಮನೆತನವನ್ನೆಲ್ಲ ಒಂದೇ ಮಾತಿನಲ್ಲಿ ಬೈದ. ಮರುದಿನ ಹೋಗಿ ಮುಕಾದಮನಿಗೆ ಮಾತು ಕೊಟ್ಟುಬಂದ. ಬರುವ ಸೋಮವಾರ ಲಾರಿ. ಅತ್ತೆ ಸೋಲುವವಳಲ್ಲ. ಮತ್ತೆ ದೋಣಿಯನ್ನು ಬಿಸಿಲಿಗೆ ಬೋರಲು ಹಾಕಿಸಿದಳು. ಪೂರ್ತಿ ಒಣಗಿದ ಮೇಲೆ ಸಂದಿಗಳಿಗೆಲ್ಲ ಹತ್ತಿ ತುರುಕಿ ಡಾಂಬರು ಸುರಿಯುವುದೆಂದು ನಿಶ್ಚಯಿಸಿ ಡಬ್ಬಿಗಟ್ಟಲೆ ಡಾಂಬರು ತರಿಸಿದಳು. ಹಲಗೆಗಳ ನಡುವಿನ ಸಂದಿಯಲ್ಲಿ ನನ್ನ ಕಿರುಬೆರಳಿನ ತುದಿ ಹೋಗುತ್ತಿತ್ತು.

ನಾನು ಪೆಟ್ಟಿಗೆ ವಾಪಸು ಕೊಡಲು ಇಳಕಲ್ಲಿಗೆ ಹೋದೆ. ಮೌಲಾಸಾಬ "ಕುಂದರ್ರಿ" ಎಂದ. ಕುಂತೆ. ಇನ್ನು ಬರ್ಫ ಬೇಡ, ಗೋವಾಕ್ಕೆ ಹೊರಟೆವು ಎಂದೆ. ಯಾಕೆ ಎಂದ. ದೋಣಿಯ ಕಥೆ ಹೇಳುತ್ತ ನನಗೆ ಅಳು ಬಂತು. ಅವನು ಕೈಯಲ್ಲಿದ್ದ ಕ್ಯಾಂಡಿಯ ಅಚ್ಚನ್ನು ಕೆಳಗಿಟ್ಟ.

"ತಂಗಿ, ಯುಗಾದಿ ತನಕಾ ದೋಣಿ ಎಲ್ಲಿ ಇಟ್ಟಿದ್ರಿ?"

"ದಂಡಿ ಮ್ಯಾಲ್ರಿ. ಬಿಸಲಾಗ. ಬೋರಲ ಹಾಕಿದ್ವಿ."

"ಎಷ್ಟ ದಿನಾ?"

"ತಿಂಗಳಾತೇನೋ."

ಅವನು ಎದ್ದು ಖೋಲಿಯ ಬಾಗಿಲು ಹಾಕಿದ. "ನಮ್ಮಪ್ಪ, ನಮ್ಮಜ್ಜ ಕೃಷ್ಣಾ ದಾಟಸೂ ದೊಡ್ಡ ದೋಣಿ ನಡಸವ್ರು. ನಾನೂ ಚುಕ್ಕಾಣಿ ಹಿಡದವನ. ಹೊಳಿಗೆ ಪೂಲ ಕಟ್ಟಿದ್ರು, ದೋಣಿಗೆ ಯಾರೂ ಬರಲಿಲ್ಲ, ನಾ ಬರ್ಫಕ್ಕ ಬಂದೆ. ನಡೀರಿ, ನಾ ಬರ್ತೇನಿ. ಅಲ್ಲೀತನಕಾ ಡಾಂಬರ ಹಚ್ಚದಿದ್ರ ಸಾಕು." ಮಗ್ಗದ ಓಣಿಯ ಮಂದಿ ಆ ಸುಡುಮಧ್ಯಾಹ್ನ ಕ್ಯಾಂಡಿ ಸಿಗದೆ ಅವನನ್ನು ಎಷ್ಟು ಬೈದರೋ. ಅವನ ವ್ಯಾಪಾರದ ಹೊತ್ತೇ ಅದು.

ನಾವು ದಂಡೆಗೆ ಬಂದಾಗ ಮೂರು ಕಲ್ಲಿನ ಒಲೆಯ ಮೇಲೆ ಡಾಂಬರು ಕುದಿಯುತ್ತಿತ್ತು. ಆ ವಾಸನೆಯೇ ಹೋದ ತಿಂಗಳು ಬಸ್ಸಿನೊಳಗೆ ಬಂದದ್ದು. ಅತ್ತೆ ಕೈಗೆ ಅರಿವೆ ಸುತ್ತಿಕೊಂಡು ಸೌಟು ಹಿಡಿದಿದ್ದಳು. ಯಮನಪ್ಪ ದೂರದಲ್ಲಿ ಬೆನ್ನು ಮಾಡಿ ಕೂತು ಹಗ್ಗ ಸುತ್ತುತ್ತಿದ್ದ. ಮೌಲಾಸಾಬ ದೋಣಿಯ ಸುತ್ತ ಒಂದು ಸುತ್ತು ಬಂದು, ಸಂದಿಗಳಲ್ಲಿ ಬೆರಳಾಡಿಸಿ, ಹಲಗೆಗೆ ಕಿವಿಯಿಟ್ಟು ತಟ್ಟಿದ.

"ಅಕ್ಕಾರ, ಬಡಿಗಂದು ತಪ್ಪಿಲ್ಲ. ಕಟಗಿ ಬಾಯಾರೇತಿ, ಅದಕ್ಕ ಬಾಯಿ ಬಿಟ್ಟೈತಿ. ಇದನ್ನ ನೀರಾಗ ಮುಳಗಸ್ರಿ."

ಅತ್ತೆ ಸೌಟು ಹಿಡಿದಲ್ಲೇ ನಿಂತಳು. "ಏನಂದ್ರಿ?"

"ಒಳಗ ಕಲ್ಲ ಹಾಕಿ ಪೂರಾ ಮುಳಗಸ್ರಿ. ಹಲಗಿ ನೀರ ಕುಡದ ಉಬ್ಬತಾವ, ಸಂದಿ ತಾನ ಕೂಡತೈತಿ. ಈಗ ಸಂದಿ ತುಂಬ ಹತ್ತಿ ಜಡದ್ರಿ ಅಂದ್ರ, ಮುಂದ ಹಲಗಿ ಉಬ್ಬಾಕ ಜಾಗಾ ಇಲ್ದ ಮೊಳಿ ಕಿತ್ತ ಬರತಾವ. ನಮ್ಮಪ್ಪ ಬ್ಯಾಸಗ್ಯಾಗ ನಡಿಸೂ ಕೆಲಸ ಇಲ್ಲಂದ್ರ ದೋಣಿ ಮುಳಗಿಸೇ ಇಡತಿದ್ದ. ಮಳಿ ಮುಂದ ಎತ್ತತಿದ್ದ."

ಅತ್ತೆಯ ಮುಖದಲ್ಲಿ ಆಗ ಕಂಡದ್ದನ್ನು ನಾನು ಮರೆತಿಲ್ಲ. ತನ್ನ ಪ್ರೀತಿಯೇ ದೋಣಿಯನ್ನು ಒಡೆದದ್ದೆಂದು ಅವಳಿಗೆ ತಿಳಿದುಬಿಟ್ಟಿತ್ತು. ಅದಕ್ಕಿಂತ ದೊಡ್ಡದು ಮುಂದಿತ್ತು. "ಸಾಬ್ರ, ನಮ್ಮಾಗ ಮುಳಗಿದ್ದನ್ನ ಎತ್ತತಾರ. ನಮ್ಮ ಕೈಯಾರ ಮುಳಗಸೂದು ಹ್ಯಾಂಗ್ರಿ?" ಎಂದಳು, ಮೆಲ್ಲಗೆ. ಅವಳ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಮೌಲಾಸಾಬ ಒತ್ತಾಯ ಮಾಡಲಿಲ್ಲ. ಬೇವಿನ ನೆರಳಿನಲ್ಲಿ ಕೂತು ನೀರು ಕುಡಿದ. ಅತ್ತೆ ದೋಣಿಯನ್ನು, ಆಮೇಲೆ ಅದರ ಪಕ್ಕದಲ್ಲಿ ಹರಿದಾಡುತ್ತಿದ್ದ ಕೂಸನ್ನು ನೋಡಿದಳು. ಕೊಡ ಎತ್ತಿಕೊಂಡು ಬಂದು ಕುದಿಯುವ ಡಾಂಬರಿನ ಕೆಳಗಿನ ಬೆಂಕಿಗೆ ನೀರು ಸುರಿದಳು.

ದೋಣಿಯನ್ನು ಸೊಂಟದುದ್ದ ನೀರಿಗೆ ತಳ್ಳಿಸಿದೆವು. ಅತ್ತೆ ಅದರ ಮೂತಿಗೆ ಕುಂಕುಮ ಹಚ್ಚಿ, "ತಾಯಿ, ನಾ ತಿಳೀಲಾರದ ಮಾಡೇನಿ, ಇದನ್ನ ತಿಳದ ಮಾಡಾಕತ್ತೇನಿ" ಎಂದು ಕೈಮುಗಿದು, ಮೊದಲ ಕೊಡ ನೀರು ತಾನೇ ಒಳಗೆ ಸುರಿದಳು. ಎರಡನೆಯದು ನಾನು. ದಂಡೆಯಲ್ಲಿ ನಿಂತ ಹೆಂಗಸರು ಗಂಗವ್ವನಿಗೆ ಹುಚ್ಚು ಹಿಡಿಯಿತು ಎಂದು ಬಾಯಿಗೆ ಸೆರಗು ಹಿಡಿದರು. ನಾವು ಸುರಿಯುತ್ತ ಹೋದೆವು, ಕಲ್ಲು ಹೊತ್ತು ಇಡುತ್ತ ಹೋದೆವು. ಕೊನೆಗೆ ಗುಳುಗುಳು ಎಂದು ಅದು ತಳಕ್ಕೆ ಕೂತಿತು, ನೀರಿನ ಮೇಲೆ ಕುಂಕುಮವಷ್ಟೇ ತೇಲಿತು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ತಿರುಗಿ ನೋಡದೆ ಮನೆಗೆ ನಡೆದಳು. ಮಗ ಕೂತಲ್ಲಿಂದ ಏಳಲಿಲ್ಲ.

ಆ ಮೇಲಿನ ದಿನಗಳು ಹೇಗೆ ಕಳೆದವೋ. ದಿನಾ ಹೋಗಿ ಮುಟ್ಟಿ ನೋಡಬೇಡಿ, ಬಿಟ್ಟುಬಿಡಿ ಎಂದು ಮೌಲಾಸಾಬ ಹೇಳಿಹೋಗಿದ್ದ. ಅತ್ತೆ ನೀರಿಗೂ ಬೇರೆ ಘಟ್ಟದಿಂದಲೇ ಹೋಗಿಬರುತ್ತಿದ್ದಳು. ಮನೆಯಲ್ಲಿ ಗಂಟುಮೂಟೆ ಕಟ್ಟುವ ಕೆಲಸವೂ ನಡೆದಿತ್ತು. ಸೋಮವಾರ ಮುಂಜಾನೆ ಲಾರಿ ಬಂತು. ಯಮನಪ್ಪ ಗಂಟು ಏರಿಸಿದ. ನಾನು ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲೇ ನಿಂತು, ಮದುವೆಯಾದ ಮೇಲೆ ಮೊದಲ ಸಲ ಅವನ ಮಾತಿಗೆ ಎದುರಾಡಿದೆ.

"ದೋಣಿ ನೋಡಲಾರದ ನಾ ಲಾರಿ ಹತ್ತೂದಿಲ್ರಿ. ನೀವ ನೋಡಿ ಬರ್ರಿ. ಸಂದಿ ಹಂಗ ಇದ್ರ ನಾ ಸುಮ್ಮ ಬರ್ತೇನಿ."

ಅವನು ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಡ್ರೈವರನಿಗೆ ಸ್ವಲ್ಪ ತಡಿ ಎಂದು ಸನ್ನೆ ಮಾಡಿ ದಂಡೆಗೆ ಇಳಿದ. ನಾವು ಹಿಂದೆ ಹೋದೆವು. ಅಂಗಿ ಬಿಚ್ಚಿ, ನೀರಿಗಿಳಿದು, ಉಸಿರು ಹಿಡಿದು ಮುಳುಗಿದ. ಮೇಲೆದ್ದ. ಮತ್ತೆ ಮುಳುಗಿದ. ಲಾರಿಯವನು ಹಾರ್ನ್ ಒತ್ತತೊಡಗಿದ್ದ. ಮೂರನೆಯ ಸಲ ಎದ್ದವನು ಮುಖದ ನೀರು ಒರೆಸಿಕೊಳ್ಳದೆ, ತನ್ನ ಬಲಗೈಯ ಹೆಬ್ಬೆರಳನ್ನು ನೋಡುತ್ತ ನಿಂತ.

"ಉಗರೂ ಹೋಗವಲ್ದು, ಯವ್ವಾ" ಎಂದ.

ಲಾರಿಯಿಂದ ಗಂಟನ್ನು ಇಳಿಸಿಕೊಂಡು ಬಂದವನು ಅವನೇ. ಮುಕಾದಮ ಬೈದ, ಬೈಸಿಕೊಂಡೆವು. ಅವತ್ತಿನ ಬೈಗುಳದಷ್ಟು ಹಿತವಾದ ಮಾತು ನಾನು ಜೀವನದಲ್ಲಿ ಕೇಳಿಲ್ಲ.

ಕಲ್ಲು ತೆಗೆದು, ನೀರು ಮೊಗೆದು ದೋಣಿ ಎತ್ತಿದೆವು. ಎಲ್ಲೋ ಒಂದೆರಡು ಕಡೆ ಉಳಿದಿದ್ದ ಸಂದಿಗೆ ಹತ್ತಿಯ ಎಳೆ ಕೂರಿಸಿ ತೆಳ್ಳಗೆ ಡಾಂಬರು ಹಚ್ಚಿದ ಯಮನಪ್ಪ. ಆಮೇಲೆ ಅದು ನೀರು ಬಿಟ್ಟು ದಂಡೆಗೆ ಬರಲಿಲ್ಲ. ಗೂಟಕ್ಕೆ ಹಗ್ಗ ಕಟ್ಟಿ ನೀರಲ್ಲೇ ಇಟ್ಟೆವು, ಕೆಲಸವಿಲ್ಲದ ದಿನ ಒಳಗೆ ಒಂದೆರಡು ಕೊಡ ನೀರು ಹಾಕಿ ಹಸಿ ಗೋಣಿ ಮುಚ್ಚಿದೆವು. ಮೊದಲ ಸಲ ಬಲೆ ಎಳೆದಾಗ ಕಾಟ್ಲಾ, ಬಾಳೆಮೀನು ಸೇರಿ ನನ್ನ ಪೆಟ್ಟಿಗೆ ತುಂಬಿ ಹೆಚ್ಚಾಯಿತು. ಅತ್ಯಂತ ದೊಡ್ಡ ಮೀನನ್ನು ಮೌಲಾಸಾಬನಿಗೆಂದು ಬೇರೆ ತೆಗೆದಿಟ್ಟು ಒಯ್ದೆ. ಅವನು ಮೀನೇ ತಿನ್ನುವುದಿಲ್ಲವಂತೆ. ಜೀವನವಿಡೀ ಹೊಳೆಯ ಮೇಲಿದ್ದೂ ಮೀನಿನ ಮುಳ್ಳಿಗೆ ಹೆದರುವ ಮನುಷ್ಯ. ಹಾಗಾದರೆ ಏನು ಕೊಡಲಿ ಅಣ್ಣಾರ ಎಂದೆ. ಅವನು ಸಂಕೋಚಪಡುತ್ತ, ಗಡ್ಡ ತುರಿಸಿಕೊಳ್ಳುತ್ತ, "ಒಂದ ಸಲಾ ನಡಸಾಕ ಕೊಡ್ರಿ" ಎಂದ.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದ. ಬಿಳಿ ಅಂಗಿ ತೊಟ್ಟಿದ್ದ. ಗಾಳಿ ತಗ್ಗಿದ ಸಂಜೆ. ನಮ್ಮ ದೋಣಿಗೆ ಚುಕ್ಕಾಣಿ ಇರಲಿಲ್ಲ, ಹಿಂಬದಿಯಲ್ಲಿ ನಿಂತು ಉದ್ದ ಹುಟ್ಟನ್ನೇ ಚುಕ್ಕಾಣಿಯಾಗಿ ಹಿಡಿದ. ಹಿಡಿದ ಗಳಿಗೆ ಅವನ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಅತ್ತೆ ದೋಣಿ ಹತ್ತಿ, ಅಭ್ಯಾಸದಂತೆ ಹುಟ್ಟು ಹಾಕಲು ಮುಂದೆ ಹೋದಳು.

"ಅಕ್ಕಾರ, ಅದು ನಂದು ಕೆಲಸ. ನೀವು ಕುಂದರ್ರಿ. ಎಲ್ಲಿಗೆ ಹೋಗೂನು?"

ಅತ್ತೆ ತಬ್ಬಿಬ್ಬಾದಳು. ಆ ಪ್ರಶ್ನೆಯನ್ನು ಅವಳು ಸಾವಿರಾರು ಮಂದಿಗೆ ಕೇಳಿದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ. ಜಾತ್ರೆಗೆ ಹೋಗುವವರನ್ನು, ಬಾಣಂತಿಯರನ್ನು, ಸಾಲೆಯ ಮಕ್ಕಳನ್ನು ದಾಟಿಸುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು. ಹುಟ್ಟು ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊದಲು ತೊಡೆಯ ಮೇಲಿಟ್ಟಳು, ಆಮೇಲೆ ಬಗ್ಗಿ ದೋಣಿಯ ತಳದ ಹಲಗೆಯ ಮೇಲೆ ಅಂಗೈ ಊರಿದಳು. ದೋಣಿ ನಡುನೀರಿಗೆ ಬರುವವರೆಗೂ ಹಾಗೇ ಊರಿಕೊಂಡಿದ್ದಳು. ದಂಡೆಯಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ನಮಗೆ ಅವಳ ದನಿ ಸ್ಪಷ್ಟವಾಗಿ ಕೇಳಿತು, ನೀರಿನ ಮೇಲಿಂದ, ಹಳೆಯ ಜೋರಿನಲ್ಲೇ.

"ಆಚೀ ದಂಡಿಗೆ ಒಯ್ರಿ ಸಾಬ್ರ. ಸಾವಕಾಶ ಒಯ್ರಿ. ನನಗೇನೂ ಅವಸರ ಇಲ್ಲ."